ಕಪ್ಪು ಗಾಜಿನ ಕಿಂಡಿ

ಅಕ್ಕಾ,

ಬದುಕಿದ್ದೇನೆ. ಪೇಂಟಿನ ವಾಸನೆಗೆ ಹಿಡಿದಿದ್ದ ಕೆಮ್ಮೂ ಬಿಟ್ಟಿದೆ. ಊರು ಬಿಟ್ಟ ಮೇಲೆ ಇದೇ ಮೊದಲ ಕಾರ್ಡು, ಬೈಯಬೇಡ.

ಬಂದರಿನ ನಡುವೆ ಅಂಗಳದಷ್ಟು ದ್ವೀಪ. ಅದರ ಮೇಲೆ ಕಲ್ಲಿನ ದೀಪಸ್ತಂಭ, ಅದಕ್ಕೊಬ್ಬ ಕಾವಲುಗಾರ, ಬಣ್ಣ ಬಳಿಯಲು ಬಂದ ನಾನು. ಹಿಂದೆ ಇಲ್ಲಿನ ಬಂಡೆಗೆ ಬಡಿದು ಹಡಗೊಂದು ಮುಳುಗಿದ ಮೇಲೆ ಇದನ್ನು ಕಟ್ಟಿದರಂತೆ. ಸುತ್ತುವ ಬೆಳಕು ಮನೆಗಳಿಗೆ ಹೊಡೆಯಬಾರದೆಂದು ದಡದ ಕಡೆಯ ಗಾಜಿಗೆಲ್ಲ ಕಪ್ಪು ಬಣ್ಣ. ಅದರಲ್ಲಿ ಬೊಟ್ಟಿನಷ್ಟು ಜಾಗ ಕಿತ್ತುಹೋಗಿತ್ತು. ನಿನ್ನೆ ನೀಟಾಗಿ ಬಳಿದು ಮುಚ್ಚಿದೆ.

ಇವತ್ತು ಬೆಳಗಿನ ದೋಣಿಯಲ್ಲಿ ಕಾವಲುಗಾರನ ತಾಯಿ ಬಂದಿಳಿದರು, ಕಾಲಲ್ಲಿ ಚಪ್ಪಲಿಯೂ ಇಲ್ಲ. ಮಗನ ಮುಖ, ತೋಳು ಮುಟ್ಟಿ ನೋಡಿ ಮೆಟ್ಟಿಲ ಮೇಲೆ ಕುಸಿದರು. ಆ ಕಿಂಡಿಯನ್ನು ಕೆರೆದವರು ಇಲ್ಲೇ ಕಾವಲಿದ್ದ ಅವರ ಗಂಡ. ದಡದ ಮೇಲಿನ ಅವರ ಅಡುಗೆಮನೆ ಕಿಟಕಿಯಲ್ಲಿ ಅದು ಮಿನುಗಿದರೆ, ಇಲ್ಲಿರುವವರು ಚೆನ್ನಾಗಿದ್ದಾರೆಂದು ಅರ್ಥ. ಹಿಂದೊಮ್ಮೆ ಮಿನುಗಲಿಲ್ಲ, ದೀಪ ಹಚ್ಚುವ ಮೊದಲೇ ಗಂಡನ ಎದೆಬಡಿತ ನಿಂತಿತ್ತು.

ನಾನು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಗೋಡೆ ಹಿಡಿದು ಮೇಲೆ ಹತ್ತಿ, ಹೇರ್‌ಪಿನ್ನಿನಿಂದ ಬಣ್ಣ ಕೆರೆಯುತ್ತಲೇ ಕೇಳಿದರು.

"ನಿನ್ ದಾರಿ ಕಾಯೋರು ಯಾರಪ್ಪಾ?"

"ಅಕ್ಕ ಇದಾಳೆ."

"ನೀನು ಚೆನ್ನಾಗಿರೋದು ಅವಳಿಗೆ ಹೇಗ್ ಗೊತ್ತಾಗ್ಬೇಕು?"

ನಾನು ಕೆಳಗಿಳಿದು ಈ ಕಾರ್ಡು ಬರೆಯಲು ಕೂತೆ.

ದೋಣಿಯವನು ಕೂಗುತ್ತಿದ್ದಾನೆ. ಅವರು ಮಾತ್ರ ಹತ್ತದೆ, ಈ ಕಾರ್ಡಿಗಾಗಿ ಕೈಚಾಚಿ ನಿಂತಿದ್ದಾರೆ.

ನಿನ್ನ ತಮ್ಮ