ಹಾಡು ಬರೆದವಳ ಹೆಸರು

ಹ್ಯೂಸ್ಟನ್, 14 ಆಗಸ್ಟ್ 2003, ಗುರುವಾರ

ಹೆಸರು ಹಾಕಿಸಬೇಕೋ ಬೇಡವೋ, ತಿಳಿಯುತ್ತಿಲ್ಲ.

ದೊಡ್ಡಪ್ಪನ ಮಗ ಮಾರ್ಕ್ವೆಲ್ ಅಣ್ಣನ ಎರಡನೇ ರ್‍ಯಾಪ್ ಆಲ್ಬಮ್ಮಿನ ಕೊನೆಯ ಹಾಡು ನಾನು ಬರೆದದ್ದು. ಮಗ ಅಮ್ಮನ ಕ್ಷಮೆ ಕೇಳುವ ಹಾಡು. ಮೊದಲ ಆಲ್ಬಮ್ ಹಿಡಿದು ಊರೂರು ತಿರುಗುತ್ತಿದ್ದವನು ದೊಡ್ಡಪ್ಪನ ಮಣ್ಣಿಗೆ ಬರಲಿಲ್ಲ. ಅಂದಿನಿಂದ ದೊಡ್ಡಮ್ಮ ಅವನ ಜೊತೆ ಮಾತು ಬಿಟ್ಟಿದ್ದರು.

ಇವತ್ತು ಮಧ್ಯಾಹ್ನ ಅವರ ಮನೆ ಮುಂದೆಯೇ ಕಾರಿನ ಡಿಕ್ಕಿ ತೆರೆದು, ಅದರೊಳಗಿನ ದೊಡ್ಡ ಸ್ಪೀಕರಿನಲ್ಲಿ ಹಾಡು ಹಾಕಿದ. ನಂಬರ್ ಪ್ಲೇಟ್ ಗಡಗಡ ನಡುಗಿದರೆ ಮಾತ್ರ ಇಲ್ಲಿ ಹಾಡು ಪಾಸು. ಸದ್ದಿಗೆ ಬೈಯಲು ಬಂದ ದೊಡ್ಡಮ್ಮ ಪೂರ್ತಿ ಕೇಳುತ್ತ ನಿಂತರು.

"ಈ ಮಾತು ಬಾಯಿಗೆ ಬರೋಕೆ ಎರಡು ವರ್ಷ ಬೇಕಾಯ್ತೇನೋ, ಕತ್ತೆ?" ಎಂದು ಅವನನ್ನು ಅಪ್ಪಿಕೊಂಡು ಅತ್ತರು. ಅವನೂ ಅತ್ತ.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ. "ಕವರ್ ನಾಳೆ ಅಚ್ಚಿಗೆ ಹೋಗತ್ತೆ. ಬರೆದವಳು ನೀನು ಅಂತ ಹಾಕಿಸ್ಲಾ? ಬಾಯಿ ಬಿಡೇ, ಮೂಗಿ!"

ಮನೆಗೆ ಬಂದು ಕಾಗದ ಹಿಡಿದು ಕೂತೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಹೆಸರು ಅಚ್ಚಾಗುವ ಆಸೆ ಇರುವುದಿಲ್ಲವೇ? ಆದರೆ ದೊಡ್ಡಮ್ಮ ಕವರಿನ ಒಂದೊಂದು ಅಕ್ಷರವನ್ನೂ ಓದುತ್ತಾರೆ. ಓದಿದ ಮೇಲೆ ಆ ಕ್ಷಮೆ ಉಳಿಯುತ್ತದೆಯೇ? ಅವನು ಅತ್ತದ್ದೇನೂ ಸುಳ್ಳಲ್ಲ. ಹಾಗಾದರೆ ಅವರು ಕ್ಷಮಿಸಿದ್ದು ಹಾಡು ಕೇಳಿಯೋ, ಅವನ ಮುಖ ನೋಡಿಯೋ?

ಹಾಕಿಸು ಎಂದು ಚೀಟಿ ಬರೆದು ಹರಿದೆ. ಬೇಡ ಎಂದು ಬರೆದದ್ದನ್ನೂ ಹರಿದೆ. ಮೂರನೆಯದರಲ್ಲಿ ಅಣ್ಣಾ ಎಂದಷ್ಟೇ ಇದೆ, ಅದರ ಮುಂದೆ ಇನ್ನೂ ಖಾಲಿ.