ಇಪ್ಪತ್ತಾರು ಮಡಕೆ ಚೂರು

ಕಲಾ ಕೊಠಡಿ
ಗುರುವಾರ, ಮಧ್ಯಾಹ್ನದ ಬಿಡುವು

ಪ್ರೀತಿಯ ಅಕ್ಕನಿಗೆ,

ಕ್ಷೇಮವೇ ಎಂದು ಕೇಳುವ ಮುಖ ನನಗೆ ಉಳಿದಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ನಿಮಗೆ ಕೊಟ್ಟ ಮಾತುಗಳು ಇವು. ನಿಮ್ಮ ಮಗಳು ಎಲ್ಲರ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಾಳೆ ಎಂದೆ. ನಿಮ್ಮ ಕೆಲಸವನ್ನು ಯಾರೂ ಎತ್ತಿ ಆಡುವುದಿಲ್ಲ ಎಂದೆ. ಅವಳ ಕೈಗೆ ಕುಂಚ ಕೊಡುತ್ತೇನೆ, ಜೇಡಿಮಣ್ಣು ಕೊಡುತ್ತೇನೆ, ಬಟ್ಟೆ ಒಗೆಯುವ ಸೋಡಾ ನೀರು ಆ ಕೈಯನ್ನು ಮುಟ್ಟುವುದಿಲ್ಲ ಎಂದೆ. ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಕ್ ಹೂಜಿಗಳನ್ನು ತೋರಿಸುತ್ತೇನೆ ಎಂದೆ. ವರ್ಷದ ಕೊನೆಯ ಪ್ರದರ್ಶನದಲ್ಲಿ ಅವಳು ಮಾಡಿದ ಹೂಜಿ ನಡುಮೇಜಿನ ಮೇಲಿರುತ್ತದೆ ಎಂದೆ.

ಅವಳಿಗೆ ಸಿಕ್ಕಿದ್ದು ಬೆಂಚಿನ ತುದಿ. ವಸ್ತುಸಂಗ್ರಹಾಲಯದ ಬಸ್ಸಿನಲ್ಲಿ ಜಾಗ ಸಾಲದೆಂದು ಮೂರು ಹೆಸರು ತೆಗೆದರು, ಮೊದಲನೆಯದು ಅವಳದು. ಹೂಜಿ ಇನ್ನೂ ನನ್ನ ಬೀರುವಿನಲ್ಲಿ ಹಸಿಮಣ್ಣಾಗಿಯೇ ಇದೆ, ಸುಟ್ಟಿಲ್ಲ. ನಿಮ್ಮ ಕೆಲಸವನ್ನು ಎತ್ತಿ ಆಡಿದ್ದು ಮಾತಿನಲ್ಲಷ್ಟೇ ಅಲ್ಲ, ಬರವಣಿಗೆಯಲ್ಲೂ. ಮೂರು ವಾರದಿಂದ ಅವಳು ನಿಮ್ಮ ಪಕ್ಕದ ತೊಟ್ಟಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುತ್ತಿದ್ದಾಳೆ.

ಒಂದು ಮಾತನ್ನೂ ನಾನು ಉಳಿಸಿಕೊಳ್ಳಲಿಲ್ಲ.

ಮುಷ್ಕರದ ಹನ್ನೊಂದು ದಿನ ನೆನಪಾಗುತ್ತದೆ. ರಬ್ಬರ್ ಕೈಗವಸು ಕೊಡಿ ಎಂದು ನೀವು ಮೂವತ್ತು ಜನ ಹೆಂಗಸರು ಆಸ್ಪತ್ರೆಯ ಗೇಟಿನ ಮುಂದೆ ಕೂತಿದ್ದಿರಿ. ನಾನು ಇದೇ ಕೊಠಡಿಯಿಂದ ರಟ್ಟು, ಬಣ್ಣ ತಂದು ಬೋರ್ಡು ಬರೆದುಕೊಟ್ಟೆ. 'ನಮ್ಮ ಕೈಗೂ ಚರ್ಮವಿದೆ.' ಆ ಸಾಲು ನನ್ನದು ಎಂದು ನಾನು ಇವತ್ತಿಗೂ ಕೊಚ್ಚಿಕೊಳ್ಳುತ್ತೇನೆ. ಚರ್ಮ ಮಾತ್ರ ನಿಮ್ಮದು. ಕೈಗವಸು ಬಂದ ದಿನ ನೀವು ನಿಮ್ಮ ಮಗಳ ಕೈ ಹಿಡಿದು ನನ್ನ ಮುಂದೆ ನಿಲ್ಲಿಸಿದಿರಿ. "ಟೀಚರಮ್ಮ, ಇದು ಬಾಯಿಬಡುಕಿ, ಚಿನಕುರುಳಿ ಥರ ಸಿಡೀತಾನೇ ಇರುತ್ತೆ. ನಿಮ್ಮ ಶಾಲೆಗೆ ಹಾಕ್ಕೊಳ್ಳಿ, ನಿಮ್ಮ ತಲೆ ತಿನ್ಲಿ," ಎಂದಿರಿ. ಹಾಕಿಕೊಂಡೆ. ನನ್ನ ಮಗಳ ತರಗತಿಯಲ್ಲೇ.

ಅವಳು ನಿಜಕ್ಕೂ ನನ್ನ ತಲೆ ತಿಂದಳು ಅಕ್ಕ. ಅಂಥ ವಿದ್ಯಾರ್ಥಿನಿ ಹದಿನೆಂಟು ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ. ಗ್ರೀಕರ ಅಮೃತಶಿಲೆಯ ಮೂರ್ತಿಗಳ ಚಿತ್ರ ತೋರಿಸಿ, ಇವು ಮೊದಲು ಹೀಗೆ ಬೆಳ್ಳಗಿರಲಿಲ್ಲ, ಕೆಂಪು, ನೀಲಿ, ಹಳದಿ ಬಳಿದಿದ್ದರು, ಕಾಲ ಹೋದ ಹಾಗೆ ಬಣ್ಣ ಹೋಯಿತು ಎಂದು ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಿಂದ ದನಿ ಬಂತು: "ಕಾಲ ಅಲ್ಲ ಟೀಚರ್, ಯಾರೋ ಸೋಡಾ ಜಾಸ್ತಿ ಹಾಕಿ ಒಗ್ದಿದ್ದಾರೆ. ನಮ್ಮಮ್ಮನ ಕೇಳಿದ್ರೆ ಎಷ್ಟು ಹಿಡಿ ಅಂತಾನೂ ಹೇಳ್ತಾಳೆ!"

ತರಗತಿ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅವತ್ತಿನಿಂದ ಅವಳಿಗೆ 'ಸೋಡಾ' ಎಂಬ ಹೆಸರು ಬಿತ್ತು. ಮೊದಲ ವಾರ ಅದು ಪ್ರೀತಿಯ ಹೆಸರು, ಅವಳೂ ಓಗೊಡುತ್ತಿದ್ದಳು. ಆಮೇಲೆ ಯಾರೋ ಅವಳ ಪಕ್ಕ ಕೂರುವಾಗ ಮೂಗು ಮುಚ್ಚಿಕೊಂಡರು. ಪ್ರೀತಿಯ ಹೆಸರು ಯಾವಾಗ ಬೈಗುಳವಾಯಿತು ಎಂದು ನಾನು ಗಮನಿಸಲಿಲ್ಲ. ಅವಳು ಮಾಡುತ್ತಿದ್ದ ಹೂಜಿಯನ್ನು ಮಾತ್ರ ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದೆ.

ಗ್ರೀಕ್ ಹೂಜಿಗಳ ಮೇಲೆ ಕಪ್ಪು ಆಕೃತಿಗಳ ಚಿತ್ರ ಇರುತ್ತದೆ. ವೀರರು, ಕುದುರೆಗಳು, ನೀರಿಗೆ ಹೋಗುವ ಹೆಂಗಸರು. ನಿಮ್ಮ ಮಗಳು ತನ್ನ ಹೂಜಿಯ ಸುತ್ತ ನೀವು ಬಟ್ಟೆ ಒಗೆಯುವ ಶೆಡ್ಡನ್ನು ಬರೆದಳು. ಇಬ್ಬರು ಹೆಂಗಸರು ಒಂದು ಹೊದಿಕೆಯನ್ನು ಎರಡು ತುದಿಯಲ್ಲಿ ಹಿಡಿದು ಹಿಂಡುತ್ತಿದ್ದಾರೆ. ಆ ಹಿಂಡಿದ ಬಟ್ಟೆಯೇ ಹೂಜಿಯ ಹೊಟ್ಟೆಯನ್ನು ಒಂದು ಸುತ್ತು ಬಳಸಿ ಬರುತ್ತದೆ. ಆ ವಿನ್ಯಾಸ ಕಲಿಸಿ ಬರುವಂಥದ್ದಲ್ಲ. ನಾನು ಅದನ್ನು ಎಲ್ಲರ ಮುಂದೆ ಎತ್ತಿ ಹಿಡಿದು, ನೋಡಿ, ಕಣ್ಣು ಬಿಟ್ಟು ನೋಡಿ ಕಲಿಯಿರಿ ಎಂದೆ. ಅದೇ ಸಾಲಿನಲ್ಲಿ ನನ್ನ ಮಗಳು ತನ್ನ ಸೊಟ್ಟ ಕುಡಿಕೆ ಹಿಡಿದು ಕೂತಿದ್ದಳು.

ಈಗ ಆ ದಿನಕ್ಕೆ ಬರುತ್ತೇನೆ.

ಅಥೆನ್ಸಿನಲ್ಲಿ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಜನ ಸೇರಿ, ಬಲ ಅತಿಯಾದ ಒಬ್ಬನನ್ನು ಊರಿನಿಂದ ಹತ್ತು ವರ್ಷ ಆಚೆ ಕಳಿಸಬಹುದಿತ್ತು. ಒಡೆದ ಮಡಕೆಯ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕಬೇಕು. ಹೆಚ್ಚು ಚೂರು ಯಾರ ಹೆಸರಿಗೋ ಅವನು ಹೊರಗೆ. ತಪ್ಪು ಏನೆಂದು ಹೇಳುವ ಹಾಗಿಲ್ಲ, ವಿಚಾರಣೆ ಇಲ್ಲ, ಅವನ ಮಾತು ಕೇಳುವವರಿಲ್ಲ. ನಾನು ಇದನ್ನು ಪ್ರಜಾಪ್ರಭುತ್ವದ ಪಾಠವಾಗಿ ಮಾಡಿದೆ. ದೊಡ್ಡವರನ್ನು ಕೆಳಗಿಳಿಸುವ ಜನರ ಆಯುಧ ಎಂದು ಬಾಯಿ ತುಂಬ ಹೇಳಿದೆ. ನಿಮ್ಮ ಮಗಳು ಎದ್ದು ಕೇಳಿದಳು: "ಆ ಊರಲ್ಲಿ ಹೆಂಗಸರಿಗೂ ಚೂರು ಕೊಡ್ತಿದ್ರಾ ಟೀಚರ್? ಬಟ್ಟೆ ಒಗೆಯೋರಿಗೆ?" ಇಲ್ಲ, ಹೆಂಗಸರಿಗಿಲ್ಲ, ಗುಲಾಮರಿಗಿಲ್ಲ ಎಂದೆ. "ಹಾಗಾದ್ರೆ ಆ ಊರಲ್ಲಿ ನೀವೂ ಲೆಕ್ಕಕ್ಕಿಲ್ಲ, ನಾನೂ ಇಲ್ಲ," ಎಂದು ಕೂತಳು.

ಅಷ್ಟು ಕೇಳಿಯೂ ನನಗೆ ಬುದ್ಧಿ ಬರಲಿಲ್ಲ. ಗೂಡಿನಲ್ಲಿ ಸುಡುವಾಗ ಒಡೆದ ಮಡಕೆಗಳ ಚೂರನ್ನು ಮೂವತ್ನಾಲ್ಕು ಮಕ್ಕಳಿಗೂ ಹಂಚಿದೆ. ನಾಳೆ ಮೊಳೆಯಿಂದ ಒಂದು ಹೆಸರು ಗೀಚಿ ತನ್ನಿ, ಹೆಚ್ಚು ಬಂದವರು ಹತ್ತು ವರ್ಷದ ಬದಲು ಹತ್ತು ನಿಮಿಷ ಬಾಗಿಲಾಚೆ ನಿಲ್ಲಬೇಕು, ಯಾರ ಹೆಸರಾದರೂ ಸರಿ, ನನ್ನದು, ಹೆಡ್ಮಾಸ್ಟರದು ಎಂದೆ. ಮಕ್ಕಳು ಮುಗುಳ್ನಕ್ಕರು. ಹೆಡ್ಮಾಸ್ಟರನ್ನು ಹೇಗೆ ಬಾಗಿಲಲ್ಲಿ ನಿಲ್ಲಿಸುವುದು ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ಮರುದಿನ ಒಂದು ಬುಟ್ಟಿಯಲ್ಲಿ ಚೂರು ಬಿದ್ದವು. ಒಂದೊಂದೇ ತೆಗೆದು ಓದಿದೆ. ಮೊದಲನೆಯದು ಸೋಡಾ. ಮಕ್ಕಳು ಕಿಸಕ್ಕೆಂದರು. ಎರಡನೆಯದು ಸೋಡಾ. ಮೂರನೆಯದೂ. ನಿಮ್ಮ ಮಗಳು ಮೊದಲ ಎರಡಕ್ಕೆ ತಾನೂ ನಕ್ಕಳು. ಮೂರಕ್ಕೆ ನಕ್ಕಳೋ ಇಲ್ಲವೋ ನಾನು ನೋಡಲಿಲ್ಲ. ನಾನು ನಿಲ್ಲಿಸಬಹುದಿತ್ತು. ಬುಟ್ಟಿ ಬೋರಲು ಹಾಕಿ, ಇದು ಪಾಠವಲ್ಲ, ಕೊಳಕು ಎನ್ನಬಹುದಿತ್ತು. ಎಣಿಕೆ ಶುರುವಾದ ಮೇಲೆ ನಿಲ್ಲಿಸಿದರೆ ನ್ಯಾಯವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೂವತ್ನಾಲ್ಕನ್ನೂ ಓದಿದೆ. ಇಪ್ಪತ್ತಾರು ಸೋಡಾ. ಉಳಿದ ಎಂಟರಲ್ಲಿ ಅವರಿವರ ಹೆಸರು. ಹೆಡ್ಮಾಸ್ಟರ್ ಎಂದು ಬರೆದಿದ್ದದ್ದು ಒಂದೇ ಒಂದು, ಅದು ನಿಮ್ಮ ಮಗಳ ಬರಹ. ಇಡೀ ತರಗತಿಯಲ್ಲಿ ಪಾಠ ಅರ್ಥವಾದದ್ದು ಅವಳೊಬ್ಬಳಿಗೆ.

ಅವಳು ಎದ್ದಳು. "ಹತ್ತು ನಿಮಿಷ ಅಲ್ವಾ ಟೀಚರ್?" ಎಂದಳು. ಚೀಲ ತೆಗೆದುಕೊಂಡು ಹೋದಳು. ಹತ್ತು ನಿಮಿಷ ಕಳೆದು ನಾನು ಬಾಗಿಲು ತೆರೆದಾಗ ಅಲ್ಲಿರಲಿಲ್ಲ. ನೀರು ಕುಡಿಯಲು ಹೋಗಿರಬೇಕು ಅಂದುಕೊಂಡೆ.

ಎರಡನೆಯ ದಿನವೂ ಬರದಿದ್ದಾಗ ನಿಮ್ಮ ಶೆಡ್ಡಿಗೆ ಬಂದೆ. ಆವಿಯಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಅವಳು ನನ್ನನ್ನು ನೋಡಿ ತೊಟ್ಟಿಯ ಹಿಂದೆ ಸರಿದಳು. ದೊಡ್ಡವರ ಅಳತೆಯ ಕೈಗವಸು ಅವಳ ಮೊಣಕೈವರೆಗೆ ಬಂದಿತ್ತು. ನಾನು ಏನೋ ತೊದಲಿದೆ. ನೀವು ಹಿಂಡುತ್ತಿದ್ದ ಬಟ್ಟೆ ಬಿಡಲಿಲ್ಲ. "ಟೀಚರಮ್ಮ, ಅವತ್ತು ಬೋರ್ಡ್ ಬರೆದ್ರಿ, ನಾವು ಹಿಡ್ಕೊಂಡು ಬಿಸಿಲಲ್ಲಿ ನಿಂತ್ವಿ. ಈಗ ಚೂರು ಬರೆಸಿದ್ರಿ, ನನ್ನ ಮಗಳು ಬಾಗಿಲಲ್ಲಿ ನಿಂತ್ಲು. ಬರೆಯೋದು ನಿಮ್ಮ ಕೆಲ್ಸ, ನಿಲ್ಲೋದು ನಮ್ದು. ಇನ್ನು ಸಾಕು, ಹೋಗಿ," ಎಂದಿರಿ. ಹೋದೆ. ನೀವು ಅಂದದ್ದರಲ್ಲಿ ತಿದ್ದುವಂಥದ್ದು ಒಂದಕ್ಷರವೂ ನನಗೆ ಕಾಣಲಿಲ್ಲ.

ಆ ಸಂಜೆ ಚೂರುಗಳನ್ನು ಮೇಜಿನ ಮೇಲೆ ಹರಡಿ ಕೂತೆ. ಅಥೆನ್ಸಿನ ಒಂದು ಹಾಳು ಬಾವಿಯಲ್ಲಿ ಇಂಥವೇ ಸುಮಾರು ಇನ್ನೂರು ಚೂರು ಸಿಕ್ಕಿದ್ದವು, ಎಲ್ಲದರ ಮೇಲೂ ಒಬ್ಬನದೇ ಹೆಸರು, ಬರೆದದ್ದು ಕೆಲವೇ ಕೈಗಳು. ಅಂದರೆ ಯಾರೋ ಮೊದಲೇ ಗೀಚಿ ಹಂಚಲು ಇಟ್ಟಿದ್ದರು. ನನ್ನ ಮೇಜಿನ ಮೇಲಿನ ಇಪ್ಪತ್ತಾರರಲ್ಲಿ ಹತ್ತೊಂಬತ್ತು ಒಂದೇ ಕೈಯದು. ಸುತ್ತು ಕೊನೆಗೆ ಸ್ವಲ್ಪ ಜಾರುವ ಆ ಬರಹವನ್ನು ನಾನು ಕೈ ಹಿಡಿದು ತಿದ್ದಿಸಿದ್ದೇನೆ. ಅದು ನನ್ನ ಮಗಳದು.

ಕರೆದು ಕೇಳಿದೆ. ಅವಳು ಅಳಲಿಲ್ಲ, ಸುಳ್ಳೂ ಹೇಳಲಿಲ್ಲ. "ಎಲ್ರೂ ಮೊಳೆ ಇಲ್ಲ, ನೀನೇ ಬರ್ದುಕೊಡು ಅಂದ್ರು. ಬರ್ದುಕೊಟ್ಟೆ," ಎಂದಳು. ಅವಳ ಹೆಸರೇ ಯಾಕೆ ಎಂದೆ. "ಅವಳ ಹೂಜಿ ನೋಡೋವಾಗ ನಿನ್ನ ಮುಖ ಹೇಗಿರುತ್ತೆ ಅಂತ ನಿಂಗೆ ಗೊತ್ತಿಲ್ಲಮ್ಮ. ನನ್ನ ಕಡೆ ಒಂದು ದಿನಾನೂ ಹಾಗೆ ನೋಡಿಲ್ಲ," ಎಂದಳು. ನನ್ನ ಕೈ ಎದ್ದಿತ್ತು. ಕೆಳಗಿಳಿಸಿದೆ. ಹೊಡೆಯುವ ಅರ್ಹತೆ ಇದ್ದರೆ ತಾನೇ.

ಮರುದಿನ ಹೆಡ್ಮಾಸ್ಟರ್ ಕರೆಸಿದರು. "ಮೇಡಂ, ಹುಡುಗಿ ತಾನಾಗೇ ಹೋಗಿದ್ದಾಳೆ. ಯಾರಾದ್ರೂ ತಳ್ಳಿದ್ರಾ? ಇಲ್ಲ ತಾನೇ? ಹಾಗಂತ ಬರೆದು ಸಹಿ ಹಾಕಿ. ಬೇಡ ಅಂದ್ರೆ ಯಾರ್ಯಾರು ಏನೇನು ಗೀಚಿದ್ರು ಅಂತ ಕೆದಕಬೇಕಾಗುತ್ತೆ. ಕೆದಕೋಣ್ವಾ?" ಎಂದರು. ಅವರಿಗೆ ಎಷ್ಟು ಗೊತ್ತಿತ್ತೋ ಗೊತ್ತಿಲ್ಲ. ನನಗೆ ಪೂರ್ತಿ ಗೊತ್ತಿತ್ತು. 'ಸ್ವಂತ ಇಚ್ಛೆಯಿಂದ ಶಾಲೆ ಬಿಟ್ಟಿದ್ದಾಳೆ' ಎಂಬ ಕಾಗದಕ್ಕೆ ಸಹಿ ಹಾಕಿದೆ. ಬೀದಿಯಲ್ಲಿ ನಿಂತು ಆಡಳಿತಕ್ಕೆ ಧಿಕ್ಕಾರ ಕೂಗಿದವಳು ಆಡಳಿತದ ಪೆನ್ನಿನಲ್ಲೇ ಸಹಿ ಹಾಕಿದೆ. ನನ್ನ ಮಗಳನ್ನು ಉಳಿಸಲು ನಿಮ್ಮ ಮಗಳನ್ನು ಕೊಟ್ಟೆ. ಇದಕ್ಕೆ ಬೇರೆ ಹೆಸರಿಲ್ಲ.

ಆ ಕಾಗದ ಈಗ ಶಾಲಾ ಸಮಿತಿಯ ಮುಂದಿದೆ. ಅವರು ಒಪ್ಪಿದರೆ ಅವಳ ಹೆಸರು ಹಾಜರಿ ಪುಸ್ತಕದಿಂದ ಹೋಗುತ್ತದೆ, ಆಮೇಲೆ ಈ ಶಾಲೆಯ ಬಾಗಿಲು ಅವಳಿಗೆ ತೆರೆಯುವುದಿಲ್ಲ. ಇವತ್ತು ಬೆಳಿಗ್ಗೆ ನನ್ನ ಸಹಿ ವಾಪಸ್ ಪಡೆಯುತ್ತೇನೆ ಎಂದು ಬರೆದುಕೊಟ್ಟೆ. ಹೆಡ್ಮಾಸ್ಟರ್ ಕಾಗದ ನೋಡಿ ನಕ್ಕರು. "ಗ್ರೀಕು, ಗೊಂಬೆ ಅಂತ ಈ ಕಲಾ ಕೊಠಡಿ ಯಾಕೆ ಬೇಕು ಅಂತ ಸಮಿತಿ ಮೊದ್ಲೇ ಕೇಳ್ತಿತ್ತು. ನೀವೇ ಉತ್ರ ಕೊಟ್ರಿ ಬಿಡಿ," ಎಂದರು. ಕೊಠಡಿ ಮುಚ್ಚಿದರೆ ಮುಚ್ಚಲಿ. ಚೂರುಗಳನ್ನು ಸಮಿತಿಯ ಮೇಜಿನ ಮೇಲೆ ಸುರಿಯುತ್ತೇನೆ. ಯಾವ ಕೈ ಗೀಚಿತು, ಯಾವ ಬಾಯಿ ಓದಿತು, ಎರಡನ್ನೂ ಹೇಳುತ್ತೇನೆ.

ಆದರೆ ಪೋಷಕರು ಬರದಿದ್ದರೆ ಟೀಚರ ಮಾತನ್ನು ದಾಖಲು ಮಾಡುವುದಿಲ್ಲವಂತೆ. ಅದಕ್ಕೇ ಈ ಪತ್ರ. ಕ್ಷಮಿಸಿ ಎಂದು ಬರೆಯುವುದಿಲ್ಲ, ಅದು ನಿಮ್ಮಿಂದ ಇನ್ನೊಂದು ವಸ್ತು ಕೇಳಿದ ಹಾಗೆ. ನನ್ನ ಮುಖ ನೋಡಬೇಡಿ, ನನ್ನ ಪಕ್ಕ ಕೂರಬೇಡಿ. ಮಗಳನ್ನು ಕರೆತರಲೇಬೇಕೆಂದೂ ಇಲ್ಲ. ಈ ಕಲಾ ಕೊಠಡಿಗೆ ಮತ್ತೆ ಕಾಲಿಡುವುದು ಬಿಡುವುದು ಅವಳಿಷ್ಟ. ಹೆಸರು ಮಾತ್ರ ಉಳಿಯಬೇಕು ಅಕ್ಕ. ಬಿಡುವುದಾದರೂ ಅವಳಾಗಿ ಬಿಡಬೇಕು, ಬೇರೆಯವರು ಅವಳ ಪರವಾಗಿ ಇಚ್ಛೆ ಪಡಬಾರದು.

ನಿಮ್ಮ ಬೋರ್ಡು ಬರೆದವಳು,
ಡ್ರಾಯಿಂಗ್ ಟೀಚರ್

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಮೇಲೆ ಎರಡು ಸುಳ್ಳು ಬರೆದಿದ್ದೇನೆ. ಹರಿದು ಹೊಸದಾಗಿ ಬರೆದರೆ ಮತ್ತೆ ಅದನ್ನೇ ಬರೆಯುತ್ತೇನೆಂದು ಹೆದರಿ ಹಾಗೇ ಬಿಟ್ಟಿದ್ದೇನೆ. ಮಗಳ ಬರಹ ನನಗೆ ಗೊತ್ತಾದದ್ದು ಆ ಸಂಜೆ ಅಲ್ಲ. ನಾಲ್ಕನೆಯ ಚೂರು ಕೈಗೆ ಬಂದಾಗಲೇ ಗೊತ್ತಾಯಿತು. ನಿಲ್ಲಿಸಿದರೆ ಬರೆದವರು ಯಾರು ಎಂಬ ಮಾತು ಬರುತ್ತದೆಂದು ಉಳಿದ ಮೂವತ್ತನ್ನೂ ಓದಿದೆ. ಮತ್ತೆ, ನಿಮ್ಮ ಮಗಳು ನೀರು ಕುಡಿಯಲು ಹೋದಳೆಂದು ನಾನು ಅಂದುಕೊಳ್ಳಲಿಲ್ಲ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಮೈದಾನ ದಾಟುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಗೇಟಿನ ಹತ್ತಿರ ನಿಂತು ಅವಳು ಒಮ್ಮೆ ತಿರುಗಿ ಕಿಟಕಿಯ ಕಡೆ ನೋಡಿದಳು. ಕೂಗಿದ್ದರೆ ಕೇಳಿಸುತ್ತಿತ್ತು. ನಾನು ಕೂಗಲಿಲ್ಲ. ಇದನ್ನು ಅವಳು ನಿಮಗೆ ಹೇಳಿಲ್ಲ ಎಂದುಕೊಂಡಿದ್ದೇನೆ. ಹೇಳಿದ್ದರೆ ಅವತ್ತು ನೀವು ನನ್ನನ್ನು ಶೆಡ್ಡಿನೊಳಗೆ ಬಿಡುತ್ತಿರಲಿಲ್ಲ.

ಸಮಿತಿ ಸೇರುವುದು ಶಾಲೆಯ ಮೊದಲ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಎಡಕ್ಕೆ. ಸೋಮವಾರ, ಬೆಳಿಗ್ಗೆ ಹತ್ತೂವರೆಗೆ.