ನಾಲ್ಕು ಮುಖಗಳನ್ನು ಅಳಿಸುವ ಮುನ್ನ

ವಿಚಾರಣಾ ಆಯೋಗದ ದಾಖಲೆ ಕೋಣೆಯ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯರೇ,

ನನ್ನ ಅಣ್ಣನನ್ನು ಕೈಹಿಡಿದು ಕರೆದೊಯ್ದ ನಾಲ್ವರ ಮುಖಗಳನ್ನು ನೀವು ಬರುವ ಬುಧವಾರ ಅಳಿಸಲಿದ್ದೀರಿ. ಆ ಮುಖಗಳಿರುವ ಮೂಲ ವಿಡಿಯೋ ಲೋಕದಲ್ಲಿ ಒಂದೇ ಇದೆ, ಅದು ನಿಮ್ಮ ಕಪಾಟಿನಲ್ಲಿದೆ. "ಸ್ವೀಕರಿಸಿದ ಎಲ್ಲ ವಿಡಿಯೋಗಳನ್ನು ಏಕರೂಪಕ್ಕೆ ಪರಿವರ್ತಿಸಲಾಗಿದೆ, ಸ್ಥಳಾಭಾವದಿಂದ ಮೂಲಗಳನ್ನು ನಾಶಪಡಿಸಲಾಗುವುದು" ಎಂದು ನಿಮ್ಮ ಬಾಗಿಲಿಗೆ ಅಂಟಿಸಿದ್ದೀರಿ. ಸ್ಥಳಾಭಾವ! ಆ ವಿಡಿಯೋ ಇರುವ ಕ್ಯಾಮೆರಾ ಕಾರ್ಡು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ರಾಜಧಾನಿ ಅಕ್ರಾದಿಂದ ಲಾರಿಯಲ್ಲಿ ಬಂದ ನಿಮ್ಮ ಬಿಳಿ ಸೋಫಾಕ್ಕೆ ಸಿಕ್ಕಿದ ಜಾಗ ಅದಕ್ಕೇಕೆ ಸಿಗಲಿಲ್ಲ?

ನಡೆದದ್ದನ್ನು ಮತ್ತೆ ಹೇಳುತ್ತೇನೆ, ನಿಮ್ಮ ಮಧ್ಯಂತರ ವರದಿಯಲ್ಲಿ ಅದಕ್ಕೆ ಒಂದೂವರೆ ಸಾಲು ಮಾತ್ರ ದಕ್ಕಿರುವುದರಿಂದ. ನಮ್ಮ ಅಜ್ಜಿಯ ಉತ್ತರಕ್ರಿಯೆಯ ಮಧ್ಯಾಹ್ನ. ಮನೆಯವರೆಲ್ಲ ಶಾಮಿಯಾನದ ಕೆಳಗೆ ಸಾಲಾಗಿ ಕುಳಿತಿದ್ದೆವು. ಕಪ್ಪು ಬಟ್ಟೆ ಹೊದ್ದ ನಾಲ್ವರು ಬಂದರು. ಬಂದವರೆಲ್ಲ ಮಾಡುವಂತೆ ಸಾಲಿನ ಬಲತುದಿಯಿಂದ ಎಡಕ್ಕೆ ಒಬ್ಬೊಬ್ಬರ ಕೈ ಕುಲುಕುತ್ತ ನಡೆದರು. ನನ್ನ ಕೈಯನ್ನೂ ಕುಲುಕಿದರು. ನನ್ನ ಪಕ್ಕದಲ್ಲಿ ಅಣ್ಣ ಎಬೋ. ಉಪ್ಪಿನ ಹೊಂಡಗಳಿಗೆ ಬೇಲಿ ಹಾಕಿಕೊಂಡ ಕಂಪನಿಯ ವಿರುದ್ಧ ಊರನ್ನು ಎಬ್ಬಿಸಿದ್ದವನು ಅವನೇ. ನಾಲ್ಕನೆಯವನು ಅವನ ಕೈ ಹಿಡಿದವನು ಬಿಡಲಿಲ್ಲ.

"ಅಣ್ಣಾ, ಹೊರಗೆ ಒಂದು ಮಾತಿತ್ತು."

"ಮೊದಲು ಊಟ ಮಾಡ್ರಪ್ಪ, ಮೀನು ಈಗಷ್ಟೇ ಇಳಿಸಿದಾರೆ," ಅಂದ ಎಬೋ.

"ಅದಕ್ಕೇನು, ಬಂದು ಮಾಡೋಣ."

ಸಾವಿನ ಮನೆಗೆ ಬಂದವರನ್ನು ನಾವು ತಡೆಯುವುದಿಲ್ಲ. ಕೈ ಹಿಡಿದುಕೊಂಡೇ ಇಬ್ಬರೂ ಗೇಟಿನತ್ತ ನಡೆದರು, ಹಳೆಯ ಗೆಳೆಯರ ಹಾಗೆ. ಎಬೋನ ತಟ್ಟೆ ಮುಚ್ಚಿಟ್ಟಲ್ಲೇ ತಣ್ಣಗಾಯಿತು. ಅವನು ಇವತ್ತಿಗೂ ಬಂದಿಲ್ಲ.

ಅವರು ಮರೆತದ್ದು ಟವಿಯಾ ಮಾವನನ್ನು. ನಮ್ಮ ಊರಿನ ಸಾವುಗಳನ್ನೆಲ್ಲ ಚಿತ್ರೀಕರಿಸುವವರು ಅವರೇ. ಬಂದ ಪ್ರತಿಯೊಬ್ಬರ ಮುಖದ ಮೇಲೂ ಅವರ ಕ್ಯಾಮೆರಾ ನಿಂತು ಮುಂದೆ ಹೋಗುತ್ತದೆ. ಒಂದು ಮುಖ ತಪ್ಪಿದರೂ ನಾಳೆ "ನಾವು ಬಂದದ್ದನ್ನೇ ತೋರಿಸಿಲ್ಲ" ಎಂದು ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ. ಹಾಗಾಗಿ ಆ ನಾಲ್ವರ ಮೇಲೂ ಕ್ಯಾಮೆರಾ ನಿಂತಿತು. ಸಂಜೆ ಅದರ ಪುಟ್ಟ ಪರದೆಯಲ್ಲಿ ಅಮ್ಮನೂ ನಾನೂ ನೋಡಿದೆವು: ಒಬ್ಬನ ಹುಬ್ಬನ್ನು ಸೀಳಿದ ಗಾಯದ ಗುರುತು, ಇನ್ನೊಬ್ಬನ ಮುರಿದ ಮುಂಹಲ್ಲು. ನಿಮ್ಮ ಮುಂದೆ ಹಾಗೆಯೇ ವರ್ಣಿಸಿದೆವು. "ಬಾಯಿಮಾತು ಸಾಲದು, ಮೂಲ ದೃಶ್ಯ ತನ್ನಿ" ಅಂದಿರಿ. ನಲವತ್ತನೆಯ ದಿನದ ಕ್ರಿಯೆ ಮುಗಿಯುವ ತನಕ ಸತ್ತವರ ಚಿತ್ರದ ಪ್ರತಿ ತೆಗೆಯಬಾರದು ಎಂಬುದು ಟವಿಯಾ ಮಾವನ ತಂದೆಯ ಕಾಲದ ನೇಮ. ಅದನ್ನು ಮುರಿಯಲು ಮನಸ್ಸು ಬಾರದೆ, ಇದ್ದ ಒಂದೇ ಕಾರ್ಡನ್ನು ಅವರು ಬಲಗೈಯಲ್ಲಿ ಹಿಡಿದು ಗೌರವದಿಂದ ನಿಮಗೆ ಒಪ್ಪಿಸಿದರು. ಸರ್ಕಾರವನ್ನು ಮನೆಯ ಹಿರಿಯ ಎಂದು ತಿಳಿಯುವ ತಪ್ಪನ್ನು ನಮ್ಮಂಥವರು ಮಾತ್ರ ಮಾಡಬಲ್ಲರು.

ಕಳೆದ ವಾರ ನಿಮ್ಮ ಗುಮಾಸ್ತರು ಪರಿವರ್ತಿತ ಪ್ರತಿಯನ್ನು ತೋರಿಸಿದರು. ನಾಲ್ಕು ಕಪ್ಪು ಬಟ್ಟೆಗಳು ಸಾಲಿನುದ್ದಕ್ಕೂ ನಡೆಯುತ್ತವೆ. ಬಟ್ಟೆಗಳ ಮೇಲೆ, ಮುಖವಿರಬೇಕಾದಲ್ಲಿ, ಬೂದು ಚೌಕಗಳು ಕದಲುತ್ತವೆ. ಎಬೋನ ಮುಖವೂ ಒಂದು ಬೂದು ಚೌಕ.

"ಇದಲ್ಲ," ಅಂದಳು ಅಮ್ಮ.

"ಇದೇ ಅಮ್ಮಾ. ಡಬ್ಬಿ ಬದಲಾಯಿಸಿದೀವಿ, ಅಷ್ಟೇ."

"ಹೆಣದ ಪೆಟ್ಟಿಗೆ ಬದಲಾಯಿಸಿದ್ರೆ ಒಳಗಿರೋರ ಮುಖ ಹೋಗತ್ತೇನಪ್ಪಾ?"

ಗುಮಾಸ್ತರು ಕೆಮ್ಮಿದರು. ಮಾನ್ಯರೇ, ಆ ಕೆಮ್ಮೇ ಈವರೆಗೆ ಆಯೋಗ ನಮಗೆ ಕೊಟ್ಟ ಪ್ರಾಮಾಣಿಕ ಉತ್ತರ.

ವಿಡಿಯೋದ ಈ ವಿದ್ಯೆಯನ್ನು ನಾನು ಕಲಿತದ್ದು ಮೀನುಗಾರರ ಸಂಘದ ಕೋಣೆಯಲ್ಲಿ ಯಾರೋ ಬಿಟ್ಟುಹೋದ ಕರಪತ್ರಗಳಿಂದ. ಆದರೂ ಹೇಳುತ್ತೇನೆ, ನಿಮ್ಮ ಗುಮಾಸ್ತರ ಮಾತು ಸುಳ್ಳು. ಎಂಪಿ4, ಎಂಕೆವಿ ಎಂಬವು ಡಬ್ಬಿಗಳ ಹೆಸರು. ಒಳಗಿನ ಚಿತ್ರ ಬೇರೆ. ಡಬ್ಬಿ ಬದಲಿಸಲು ಚಿತ್ರವನ್ನು ಮುಟ್ಟಬೇಕಾಗಿಲ್ಲ. ಎತ್ತಿ ಇನ್ನೊಂದರಲ್ಲಿಟ್ಟರೆ ಮುಗಿಯಿತು. ಚಿತ್ರವನ್ನು ಹೊಸದಾಗಿ ಬರೆಯಲೇಬೇಕೆಂಬ ಹಟವಿದ್ದರೆ ನಷ್ಟವಿಲ್ಲದೆ ಬರೆಯುವ ದಾರಿಯೂ ಇದೆ. ಕಡತ ದಪ್ಪವಾಗುತ್ತದೆ, ಆದರೆ ಬಿಚ್ಚಿದಾಗ ಒಂದು ಚುಕ್ಕಿಯೂ ಕಡಿಮೆಯಾಗಿರುವುದಿಲ್ಲ. ಎಲೆ ಸುತ್ತಿದ ಮೆಕ್ಕೆಜೋಳದ ಕಡುಬು ಕೆಂಕಿಯನ್ನು ಬುಟ್ಟಿಯಿಂದ ಪಾತ್ರೆಗೆ ಇಡುವುದು ಒಂದು. ಅಗಿದು, ಉಗಿದು, ಮತ್ತೆ ಉಂಡೆ ಕಟ್ಟಿ ಎಲೆ ಸುತ್ತಿ "ಇದೇ ಕೆಂಕಿ, ತಿನ್ನಿ" ಎನ್ನುವುದು ಇನ್ನೊಂದು. ನೀವು ಮಾಡಿದ್ದು ಎರಡನೆಯದು. ಹೀಗೆ ಹಿಂಡುವ ಯಂತ್ರ ಮೊದಲು ಎಸೆಯುವುದು ಏನನ್ನು, ಗೊತ್ತೆ? ನೆರಳಿನಲ್ಲಿರುವ ಸೂಕ್ಷ್ಮಗಳನ್ನು, ಕಪ್ಪಿಗೂ ಕಪ್ಪಿಗೂ ನಡುವಿನ ಅಂತರವನ್ನು. ಅಂದರೆ ಶಾಮಿಯಾನದ ನೆರಳಿನಲ್ಲಿದ್ದ ನಮ್ಮಂಥವರ ಮುಖಗಳನ್ನು. ಸೋಫಾದ ಬಿಳಿ ಬಟ್ಟೆಯನ್ನು ಚಿತ್ರೀಕರಿಸಿದ್ದರೆ ಅದು ಚೆನ್ನಾಗಿ ಉಳಿಯುತ್ತಿತ್ತು.

ನೀವು ಅರಿಯದೆ ಮಾಡಿದಿರಿ ಎಂದು ನಂಬಲು ನಾನು ಸಿದ್ಧಳಿದ್ದೆ. ಶನಿವಾರದವರೆಗೆ. ಶನಿವಾರ ಟವಿಯಾ ಮಾವನ ಅಂಗಡಿಗೆ ಇಬ್ಬರು ಬಂದರು. ಬೆಂಚಿನ ಮೇಲಿದ್ದವರ ಕೈಗಳನ್ನು ಬಲದಿಂದ ಎಡಕ್ಕೆ ಕುಲುಕಿದರು.

"ಮಾವಾ, ಇನ್ನೊಂದು ಪ್ರತಿ ಇಟ್ಕೊಂಡಿಲ್ಲ ತಾನೇ?"

"ಇಲ್ಲಪ್ಪಾ."

"ಒಳ್ಳೇದಾಯ್ತು. ಹುಷಾರಾಗಿರಿ, ಬಿಸಿಲು ಜಾಸ್ತಿ."

ಒಬ್ಬನ ಹುಬ್ಬು ಸೀಳಿತ್ತು. ಅಂದಿನಿಂದ ಅಂಗಡಿಯ ಬಾಗಿಲು ತೆರೆದಿಲ್ಲ. ಕಾರ್ಡಿನ ಪ್ರತಿಯಿಲ್ಲ ಎಂಬುದನ್ನು ಮಾವ ನಿಮ್ಮ ಕೋಣೆಯಲ್ಲಿ, ನಮ್ಮ ಮುಂದೆ, ನಿಮಗೆ ಹೇಳಿದ್ದರು. ನಾವು ಯಾರಿಗೂ ಹೇಳಿಲ್ಲ. ಹಾಗಾದರೆ ಅವರಿಗೆ ಹೇಳಿದವರು ಯಾರು?

ಉತ್ತರವನ್ನು ಕಾಗದದಲ್ಲಿ ಕಳಿಸಬೇಡಿ. ನಾನು ಕೇಳುವುದು ಇಷ್ಟೇ: ಕಾರ್ಡನ್ನು ನಮ್ಮ ಕಣ್ಣೆದುರು ಕಪಾಟಿನಿಂದ ತೆಗೆಯಿರಿ. ಚಿತ್ರವನ್ನು ಮುಟ್ಟದೆ ಎರಡು ಡಿಸ್ಕುಗಳಿಗೆ ಪ್ರತಿ ಮಾಡಿ, ಒಂದು ನಿಮಗೆ, ಒಂದು ನಮಗೆ. ಮೂಲದ ಒಂದೊಂದು ಚೌಕಟ್ಟಿಗೂ ಯಂತ್ರ ಒಂದು ಸಂಖ್ಯೆ ಹೇಳುತ್ತದೆ. ಒಂದು ಚುಕ್ಕಿ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಕಾರ್ಡು, ಎರಡು ಡಿಸ್ಕು, ಈ ಮೂರರ ಸಂಖ್ಯೆಗಳನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿಸಿ. ಡಿಸ್ಕುಗಳನ್ನು ನಾನೇ ತರುತ್ತೇನೆ, ನಿಮ್ಮ ಸ್ಥಳಾಭಾವಕ್ಕೆ ನಮ್ಮ ಕಾಣಿಕೆ.

ಮಂಗಳವಾರ ಈ ದಡದಲ್ಲಿ ಯಾರೂ ದೋಣಿ ಇಳಿಸುವುದಿಲ್ಲ. ಕಡಲಿಗೆ ಅದು ವಿಶ್ರಾಂತಿಯ ದಿನ. ಊರಿನ ಗಂಡಸರೆಲ್ಲ ಬಿಡುವಾಗಿರುತ್ತಾರೆ, ಅವರನ್ನು ಕರೆದಿದ್ದೇನೆ. ಟವಿಯಾ ಮಾವ ಕ್ಯಾಮೆರಾ ಕೊಟ್ಟಿದ್ದಾರೆ. ನಾವು ನಿಮ್ಮ ಜಗಲಿಯಲ್ಲಿ ಸಾಲಾಗಿ ಕೂರುತ್ತೇವೆ. ನೀವು ಬಂದು ಬಲತುದಿಯಿಂದ ಎಡಕ್ಕೆ ಎಲ್ಲರ ಕೈ ಕುಲುಕಿ. ಕ್ಯಾಮೆರಾ ಪ್ರತಿ ಮುಖದ ಮೇಲೂ ನಿಲ್ಲುತ್ತದೆ, ನಿಮ್ಮದರ ಮೇಲೂ.

ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ.

ಇಂತಿ,
ನಿಮ್ಮ ಪ್ರತಿಯಲ್ಲಿ ಬೂದು ಚೌಕವಾಗಿ ಉಳಿದವನ ತಂಗಿ,
ಅರಬಾ ಒಟೂ